ಹೊಲದ ಲೆಕ್ಕ, ಭಾಗ 6: ‘ಕಟ್’ ಅಂದ್ರೆ ಸೆಲ್ಫ್ ಮೋಟರ್ ಹೋಯ್ತು ಅಂತಲ್ಲ

ಟ್ರ್ಯಾಕ್ಟರ್ ಕೀ ತಿರುಗಿಸ್ತೀರ. ‘ಕಟ್’ ಅಂತ ಒಂದೇ ಸದ್ದು. ಇಂಜಿನ್ ತಿರುಗಲ್ಲ. ಪಕ್ಕದಲ್ಲಿ ನಿಂತವರು ಆಗಲೇ ತೀರ್ಪು ಕೊಟ್ಟಿರ್ತಾರೆ: “ಸೆಲ್ಫ್ ಹೋಗಿದೆ, ಹೊಸದು ಹಾಕ್ಸಿಬಿಡಿ.”

ನನ್ನ ಮಾತು ಇಷ್ಟೇ: ಚೆಕ್ ಮಾಡದೆ ಹಾಕಿಸಬೇಡಿ. ಈ ಪಾಠಕ್ಕೆ ನಮ್ಮನೆ ಕಟ್ಟಿದ ಫೀಸು ಏಳೂವರೆ ಸಾವಿರ. ನನ್ನ ಬಿಕಾಂ ಫೀಸಿನ ದುಡ್ಡು ಅದು.

ಹೋದ ವರ್ಷ ರಾಗಿ ಕೊಯ್ಲು ಮುಗಿದಾಗ ನಮ್ಮ ಟ್ರ್ಯಾಕ್ಟರ್ ಹೀಗೇ ‘ಕಟ್’ ಅಂತು. ಮೆಕ್ಯಾನಿಕ್ ಬಂದ್ರು, ಸದ್ದು ಕೇಳಿದ್ರು, ಮೀಟರ್ ಮುಟ್ಟದೆ ಹೊಸ ಮೋಟರ್ ಹಾಕಿದ್ರು. ಹಳೇದು ಎಕ್ಸ್‌ಚೇಂಜ್‌ಗೆ ಹೋಯ್ತು. ಮೂರು ದಿನ ಚೆನ್ನಾಗಿತ್ತು. ನಾಲ್ಕನೇ ದಿನ ಮೆದೆ ಬಿಚ್ಚಿ ರಾಗಿ ಕಣಕ್ಕೆ ಹಾಕಿದ್ವಿ, ಮೋಡ ಕಟ್ಟಿತ್ತು, ಮತ್ತೆ ಅದೇ ‘ಕಟ್’. ಟಾರ್ಪಾಲ್ ಎಳೆಯೋಷ್ಟರಲ್ಲಿ ಅರ್ಧ ಕಣ ನೆನೆದಿತ್ತು. ಅಪ್ಪ ಅವತ್ತು ರಾತ್ರಿ ಊಟಕ್ಕೆ ಕೂರಲೇ ಇಲ್ಲ.

ಮಾರನೇ ದಿನ ಪೇಟೆಯಿಂದ ಬ್ಯಾಟ್ರಿ-ವೈರಿಂಗ್ ಕೆಲಸ ಮಾಡೋರು ಒಬ್ರು ಬಂದ್ರು. ಮೀಟರಿನ ಒಂದು ತುದಿ ಬ್ಯಾಟ್ರಿ ಮೈನಸ್‌ಗೆ, ಇನ್ನೊಂದು ಮೋಟರಿನ ಮೈಗೆ ಇಟ್ಟು, “ಸೆಲ್ಫ್ ಹೊಡೀರಿ” ಅಂದ್ರು. 3 ವೋಲ್ಟ್ ತೋರಿಸ್ತು. ಅಂದ್ರೆ ಅಷ್ಟು ವೋಲ್ಟ್ ಅರ್ತ್ ವೈರಿನಲ್ಲೇ ಕಳೆದುಹೋಗ್ತಿತ್ತು, ಮೋಟರ್‌ಗೆ ಸಿಗ್ತಾನೇ ಇರ್ಲಿಲ್ಲ. ಅರ್ತ್ ವೈರ್ ಚಾಸಿಗೆ ಕೂರೋ ಜಾಗ ತುಕ್ಕು ಹಿಡಿದಿತ್ತು. ಬಿಚ್ಚಿ, ಉಪ್ಪು ಕಾಗದದಲ್ಲಿ ಉಜ್ಜಿ, ಬಿಗಿ ಮಾಡಿದ್ರು. ಒಂದೇ ಸಲಕ್ಕೆ ಸ್ಟಾರ್ಟ್. ಹಾಗಾದ್ರೆ ಮೂರು ದಿನ ಹೇಗೆ ಓಡ್ತು? “ಮೋಟರ್ ಬಿಚ್ಚಿ ಹಾಕೋವಾಗ ವೈರ್ ಅಲುಗಾಡಿ ಸ್ವಲ್ಪ ಕಚ್ಚಿಕೊಂಡಿರತ್ತೆ” ಅಂದ್ರು.

ನಮ್ಮ ಕ್ಲಾಸಲ್ಲಿ ಟ್ರಯಲ್ ಬ್ಯಾಲೆನ್ಸ್ ತಾಳೆ ಆಗ್ಲಿಲ್ಲ ಅಂದ್ರೆ ಲೆಡ್ಜರನ್ನೇ ಬಿಸಾಡಲ್ಲ. ತಪ್ಪು ಎಲ್ಲಿದೆ ಅಂತ ಒಂದೊಂದೇ ಎಂಟ್ರಿ ಹುಡುಕ್ತೀವಿ. ಇಲ್ಲೂ ಅದೇ ಲೆಕ್ಕ.

ಸದ್ದು ಕೇಳಿ, ಆಮೇಲೆ ಹುಡುಕಿ:

👉 ಸದ್ದೇ ಇಲ್ಲ: ಗೇರ್ ನ್ಯೂಟ್ರಲ್ ಇದೆಯಾ, ಕ್ಲಚ್ ಪೂರ್ತಿ ಒತ್ತಿದ್ದೀರಾ ನೋಡಿ. ಎಷ್ಟೋ ಟ್ರ್ಯಾಕ್ಟರ್‌ಗಳಲ್ಲಿ ಇದಕ್ಕೆ ಸೇಫ್ಟಿ ಸ್ವಿಚ್ ಇರತ್ತೆ. ಆಮೇಲೆ ಫ್ಯೂಸು, ಕೀ ಸ್ವಿಚ್, ಸೊಲೆನಾಯ್ಡ್‌ಗೆ ಹೋಗೋ ಸಣ್ಣ ವೈರು.

👉 ಟಕಟಕಟಕ: ಸಾಮಾನ್ಯವಾಗಿ ಬ್ಯಾಟ್ರಿ ಇಳಿದಿದೆ, ಇಲ್ಲಾ ಟರ್ಮಿನಲ್ ಸಡಿಲ.

👉 ಒಂದೇ ‘ಕಟ್’: ಮೊದಲು ಬ್ಯಾಟ್ರಿ, ಆಮೇಲೆ ದಪ್ಪ ವೈರುಗಳು ಮತ್ತು ಅರ್ತ್, ಆಮೇಲೆ ಸೊಲೆನಾಯ್ಡ್. ಮೋಟರಿನ ಕಾರ್ಬನ್ ಬ್ರಷ್ ಕೊನೆಗೆ.

👉 ಮೋಟರ್ ಮಾತ್ರ ಗಿರ್ ಅಂತ ತಿರುಗಿ ಇಂಜಿನ್ ಸುಮ್ನಿದೆ: ಬೆಂಡಿಕ್ಸ್, ಇಲ್ಲಾ ಫ್ಲೈವೀಲ್ ರಿಂಗಿನ ಹಲ್ಲು.

ಮೀಟರ್ ಇದ್ರೆ: ತುಂಬಿದ ಬ್ಯಾಟ್ರಿ ಸುಮ್ನಿದ್ದಾಗ ಸುಮಾರು 12.6 ವೋಲ್ಟ್. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ರೆ ಮೊದಲು ಬ್ಯಾಟ್ರಿ ಚಾರ್ಜ್ ಮಾಡಿಸಿ ನೋಡಿ. ಮೇಲೆ ಹೇಳಿದ ಅರ್ತ್ ಪರೀಕ್ಷೆಯಲ್ಲಿ ಅರ್ಧ ವೋಲ್ಟ್ ದಾಟಬಾರದು. ಪರೀಕ್ಷೆ ಮಾಡುವಾಗ ಸ್ಟಾಪ್ ನಾಬ್ ಎಳೆದಿಟ್ಟಿರಿ, ಗೇರ್ ನ್ಯೂಟ್ರಲ್ ಇರಲಿ, ಒಬ್ಬರು ಸೀಟ್ ಮೇಲೇ ಕೂತಿರಲಿ. ವೈರ್ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

⚠️ ಕೆಳಗೆ ನಿಂತು ಸ್ಕ್ರೂಡ್ರೈವರಲ್ಲಿ ಸೊಲೆನಾಯ್ಡ್ ಶಾರ್ಟ್ ಮಾಡಿ ಸ್ಟಾರ್ಟ್ ಮಾಡೋ ಬುದ್ಧಿವಂತಿಕೆ ಬೇಡ. ಅದು ಸೇಫ್ಟಿ ಸ್ವಿಚ್ಚನ್ನೇ ದಾಟಿ ಹೋಗತ್ತೆ. ಗೇರಲ್ಲಿದ್ರೆ ಗಾಡಿ ನುಗ್ಗತ್ತೆ, ನೀವು ನಿಂತಿರೋದು ಹಿಂದಿನ ಚಕ್ರದ ಮುಂದೆ.

ಈಗ ಸ್ವಲ್ಪ ಕಹಿ ಮಾತು. ಆ ಮೆಕ್ಯಾನಿಕ್ ಕಳ್ಳ ಅಂತ ನಾನು ಹೇಳಲ್ಲ. ಒಂದು ಗಂಟೆ ಕೂತು ವೈರ್ ಹುಡುಕಿ ಇನ್ನೂರು ರೂಪಾಯಿ ಕೇಳಿದ್ರೆ ನಾವೇ “ನೋಡಿದ್ದಕ್ಕೂ ದುಡ್ಡಾ?” ಅಂತೀವಿ. ಹೊಸ ಸಾಮಾನು ಹಾಕಿದ್ರೆ ಮಾತಾಡದೆ ಎಣಿಸಿ ಕೊಡ್ತೀವಿ. ಹೀಗಿರುವಾಗ ಯಾರು ಹುಡುಕ್ತಾರೆ? ಹುಡುಕೋ ಕೆಲಸಕ್ಕೆ ಕೂಲಿ ಕೊಡದೆ ಇರೋದು ಉಳಿತಾಯ ಅಲ್ಲ. ಆ ಇನ್ನೂರು ಉಳಿಸೋಕೆ ಹೋಗಿ ನಾವು ಏಳೂವರೆ ಸಾವಿರ, ಮೇಲೆ ಅರ್ಧ ಕಣದ ರಾಗಿ ಕಳೆದ್ವಿ.

ಹಾಗಾಗಿ ಮುಂದಿನ ಸಲ ಎರಡು ಮಾತು ಹೇಳಿ: “ಅಣ್ಣಾ, ಚೆಕ್ ಮಾಡಿದ್ದಕ್ಕೆ ಬೇರೆ ದುಡ್ಡು ಕೊಡ್ತೀನಿ. ಮೀಟರ್ ಏನು ತೋರಿಸ್ತು ಹೇಳಿ.” ಹಳೇ ಮೋಟರನ್ನ ಒಂದು ವಾರ ಮನೇಲೇ ಇಟ್ಕೊಳ್ಳಿ.

ಅಪ್ಪ ಈಗ ಒಂದು ಮೀಟರ್ ತಗೊಂಡಿದ್ದಾರೆ. ಊರವರ ಬ್ಯಾಟ್ರಿಗೆಲ್ಲ ಇಡ್ತಾರೆ. ದುಡ್ಡು ಮಾತ್ರ ತಗೊಳ್ಳಲ್ಲ, ಅದಕ್ಕೇ ನಮ್ಮಿಬ್ಬರಿಗೂ ಜಗಳ 😅

ಸೇವ್ ಮಾಡ್ಕೊಳ್ಳಿ, ಟ್ರ್ಯಾಕ್ಟರ್ ಇರೋ ಮನೆಗೆ ಕಳಿಸಿ. ನಿಮ್ಮ ಗಾಡಿ ಯಾವ ಸದ್ದು ಮಾಡತ್ತೆ, ಕಮೆಂಟಲ್ಲಿ ಹೇಳಿ.

#ಹೊಲದಲೆಕ್ಕ #ಟ್ರ್ಯಾಕ್ಟರ್ #ರೈತರಮಕ್ಕಳು