ಮನೆಗೊಂದು ಸಾಧು ಕುದುರೆ

ಅಮೆರಿಕದ ಅಧ್ಯಕ್ಷ ಲಿಂಕನ್ 1862ರಲ್ಲಿ ಅಂಕಿತವಿತ್ತ ಹೋಮ್‌ಸ್ಟೆಡ್ ಶಾಸನದಂತೆ, ಐದು ವರ್ಷ ನೆಲೆನಿಂತು ಬೇಸಾಯ ಮಾಡಿದ ಕುಟುಂಬಕ್ಕೆ 160 ಎಕರೆಯವರೆಗೆ ಭೂಮಿ ದೊರೆಯುತ್ತಿತ್ತು. ಆ ಭೂಮಿಯನ್ನು ಉತ್ತದ್ದೂ, ಪೇಟೆಗೆ ಗಾಡಿ ಎಳೆದದ್ದೂ, ಮಕ್ಕಳನ್ನು ಶಾಲೆಗೆ ಹೊತ್ತದ್ದೂ ಕುದುರೆಯೆ. ಇಂದು ಉಳುವ ಕೆಲಸ ಟ್ರ್ಯಾಕ್ಟರಿನದು. ಆದರೂ ಮೊಂಟಾನಾ, ವಯೋಮಿಂಗ್ ಮೊದಲಾದ ಸೀಮೆಗಳ ಎಷ್ಟೋ ಹೊಲಮನೆಗಳಲ್ಲಿ ಲಾಯ ಇನ್ನೂ ಬರಿದಾಗಿಲ್ಲ. ದನಗಳನ್ನು ಅಟ್ಟಿ ತರಲು, ಬೇಲಿ ಸುತ್ತಿ ಬರಲು, ಮಕ್ಕಳ ಸವಾರಿಗೆ ಕುದುರೆ ಬೇಕೇ ಬೇಕು. ಅಂಥ ಮನೆಯ ಮುದಿ ಕುದುರೆ ಕಣ್ಮುಚ್ಚಿದಾಗ ಏಳುವ ಪ್ರಶ್ನೆ: ಹತ್ತು ವರ್ಷದ ಮಗಳನ್ನು ನಂಬಿ ಕೂರಿಸಬಹುದಾದ ಇನ್ನೊಂದು ಸಾಧುಪ್ರಾಣಿ ಎಲ್ಲಿ ಸಿಕ್ಕೀತು?

ಜಟಕಾ ಕುದುರೆ, ರೇಸಿನ ಕುದುರೆಗಳನ್ನು ಮಾತ್ರ ಬಲ್ಲ ಬೆಂಗಳೂರಿನವರಿಗೆ ಇದು ಬರಿಯ ಹಣದ ಮಾತೆಂದು ತೋರಬಹುದು. ಆದರೆ 450 ಕಿಲೋ ತೂಗುವ ಪ್ರಾಣಿ ಗಾಳಿಗೆ ಹಾರಿದ ಕಾಗದದ ಚೂರಿಗೆ ಬೆದರಿ ಪಕ್ಕಕ್ಕೆ ನೆಗೆದರೆ, ಮೇಲಿರುವ ಮಗುವಿನ ಗತಿಯೇನು?

ಮೊದಲ ಎಡವಟ್ಟು ಸಾಮಾನ್ಯವಾಗಿ ತಂದೆಯದು. ಎಳೆಯ ಮರಿಯೊಂದನ್ನು ತಂದರೆ ಮಗುವಿನೊಡನೆ ಅದೂ ಕಲಿತು ಬೆಳೆದೀತೆಂಬ ಮಧುರ ಕಲ್ಪನೆ ಅವನದು. ಹಸಿ ಸವಾರನೂ ಹಸಿ ಕುದುರೆಯೂ ಕೂಡಿದರೆ ಉಳಿಯುವುದು ಮೈಮೇಲಿನ ನೀಲಿಗಟ್ಟಿದ ಗಾಯಗಳೇ ಎಂದು ಅಲ್ಲಿನ ಅನುಭವಿಗಳು ಹೇಳುತ್ತಾರೆ. ಹನ್ನೆರಡರಿಂದ ಹದಿನೆಂಟು ವಯಸ್ಸಿನ, ಲೋಕ ಕಂಡ ಕುದುರೆಯೇ ಮಕ್ಕಳಿಗೆ ಒಳ್ಳೆಯದು. ಕುದುರೆಯ ಆಯುಸ್ಸು ಇಪ್ಪತ್ತೈದು, ಮೂವತ್ತು ವರ್ಷ; ಹದಿನೈದು ಅದಕ್ಕೆ ಮುಪ್ಪಲ್ಲ. ತಳಿಗಳಲ್ಲಿ ಕ್ವಾರ್ಟರ್ ಹಾರ್ಸ್ ಶಾಂತ ಸ್ವಭಾವಕ್ಕೆ ಹೆಸರಾದದ್ದು. ಕಾಲು ಮೈಲಿಯ ಓಟದಲ್ಲಿ ಮುಂದೆಂದು ಆ ಹೆಸರು. 1940ರಲ್ಲಿ ಟೆಕ್ಸಾಸಿನ ಫೋರ್ಟ್‌ವರ್ತ್‌ನಲ್ಲಿ ಅದರದೇ ಸಂಘ ಹುಟ್ಟಿತು. ಆದರೆ ತಳಿಯ ಹೆಸರಿಗಿಂತ ಎದುರಿಗೆ ನಿಂತ ಕುದುರೆಯ ನಡತೆ ದೊಡ್ಡದು.

ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದು, ಸರಿಯೆ; ಹಣ ಕೊಟ್ಟು ಕೊಳ್ಳುವ ಕುದುರೆಯ ಹಲ್ಲನ್ನು ನೋಡದೆ ಇರಬಾರದು. ಐದನೆಯ ವರ್ಷಕ್ಕೆ ಬಾಚಿಹಲ್ಲುಗಳೆಲ್ಲ ಬದಲಾಗಿರುತ್ತವೆ. ಅಲ್ಲಿಯವರೆಗೆ ವಯಸ್ಸಿನ ಲೆಕ್ಕ ಹೆಚ್ಚು ತಪ್ಪದು. ಮೇಲ್ದವಡೆಯ ಮೂಲೆಯ ಬಾಚಿಹಲ್ಲಿನ ಬುಡದಲ್ಲಿ ಹತ್ತರ ಸುಮಾರಿಗೆ ಗೀರೊಂದು ಮೂಡಿ, ಇಪ್ಪತ್ತಕ್ಕೆ ತುದಿ ಮುಟ್ಟುತ್ತದೆಂಬುದು ಹಳೆಯ ಲೆಕ್ಕ. ಇಂದಿನ ಪಶುವೈದ್ಯರು ಅದನ್ನು ಸ್ಥೂಲ ಅಂದಾಜೆಂದಷ್ಟೇ ಎಣಿಸುತ್ತಾರೆ.

ಗುಣದ ಪರೀಕ್ಷೆ ಇದಕ್ಕಿಂತ ಸೂಕ್ಷ್ಮ. ಬರ್ಲಿನ್ನಿನ ನಿವೃತ್ತ ಉಪಾಧ್ಯಾಯ ಫಾನ್ ಓಸ್ಟೆನ್ ಎಂಬವರ ಹಾನ್ಸ್ ಎಂಬ ಕುದುರೆ ಗೊರಸು ಬಡಿದು ಕೂಡುವ, ಕಳೆಯುವ ಲೆಕ್ಕಗಳಿಗೆ ಉತ್ತರ ಹೇಳಿ ಜಗತ್ತನ್ನೇ ಬೆರಗುಗೊಳಿಸಿತ್ತು. ಪ್ರಶ್ನೆ ಕೇಳಿದವರಿಗೇ ಉತ್ತರ ತಿಳಿಯದಿದ್ದಾಗ ಕುದುರೆಯೂ ತಪ್ಪುತ್ತದೆಂಬುದನ್ನು ಆಸ್ಕರ್ ಫುಂಗ್ಸ್ಟ್ ಎಂಬ ವಿದ್ವಾಂಸ 1907ರಲ್ಲಿ ಪ್ರಕಟಿಸಿದ. ಸರಿಯಾದ ಎಣಿಕೆ ಬಂದೊಡನೆ ಕೇಳಿದವರು ತಮಗೇ ಅರಿವಿಲ್ಲದೆ ತಲೆಯನ್ನು ಕೂದಲೆಳೆಯಷ್ಟು ಎತ್ತುತ್ತಿದ್ದರು. ಹಾನ್ಸ್ ಅದನ್ನು ಕಂಡು ನಿಲ್ಲಿಸುತ್ತಿತ್ತು. ಗಣಿತ ಬಾರದಿದ್ದರೇನು, ಮನುಷ್ಯನನ್ನು ಓದಲು ಬರುತ್ತಿತ್ತು! ಇಂಥ ಪ್ರಾಣಿಯ ಬೆನ್ನೇರಿದ ಮಗುವಿನ ಭಯ ಅದಕ್ಕೆ ತಿಳಿಯದೆ ಹೋದೀತೆ? ಆದ್ದರಿಂದ ನುರಿತ ಒಡೆಯನ ಕೈಯಲ್ಲಿ ಕುದುರೆ ಕುರಿಯಂತಿತ್ತೆಂದರೆ ಸಾಲದು. ಮೊದಲು ಮಾರುವವನೇ ಏರಿ ತೋರಿಸಬೇಕು, ಬಳಿಕ ತಂದೆ, ಕೊನೆಗೆ ಮಗಳು.

ಪತ್ರಿಕೆಯ ಜಾಹೀರಾತುಗಳಲ್ಲಿ ‘ಬಾಂಬ್‌ಪ್ರೂಫ್’ ಕುದುರೆಗಳಿಗೆ ಬರವಿಲ್ಲ. ಬಾಂಬಿನ ಮಾತಿರಲಿ, ಕೊಡೆ ಬಿಚ್ಚಿದರೆ ಏನು ಮಾಡುತ್ತದೆಂದು ನೋಡುವುದು ಮೇಲು. ಗೊತ್ತುಮಾಡಿದ ವೇಳೆಗಿಂತ ಅರ್ಧ ಗಂಟೆ ಮುಂಚೆ ಹೋಗುವ ಜಾಣರುಂಟು. ಬೆವರಿಳಿಯುವಂತೆ ಓಡಿಸಿ ದಣಿಸಿಟ್ಟ ಕುದುರೆ ಯಾವುದು, ಹುಟ್ಟು ಸಾಧು ಯಾವುದೆಂಬುದು ಆಗ ಬಯಲಾಗುತ್ತದೆ. ಹುಲ್ಲುಗಾವಲಿನಲ್ಲಿ ಹಗ್ಗ ಹಿಡಿದು ಹೋದರೆ ಬಳಿಗೆ ಬರುತ್ತದೆಯೆ? ಕಾಲೆತ್ತಲು ಬಿಡುತ್ತದೆಯೆ? ಜೊತೆಗಾರರನ್ನಗಲಿ ಒಂಟಿಯಾಗಿ ಗೇಟಿನಾಚೆ ಹೋಗುತ್ತದೆಯೆ? ಕುದುರೆ ಹಿಂಡಿನ ಪ್ರಾಣಿ. ಈ ಕೊನೆಯ ಪರೀಕ್ಷೆಯಲ್ಲಿ ಸೋಲುವುದೇ ಹೆಚ್ಚು.

ಇನ್ನು ಮೋಸವೂ ಉಂಟು. ಅಸೆಪ್ರೊಮಜೀನ್ ಎಂಬ ಔಷಧಿ ಕೊಟ್ಟರೆ ಪುಂಡ ಕುದುರೆಯೂ ಕೆಲವು ಗಂಟೆ ಸಾಧುವಾಗುತ್ತದೆ. ಕುಂಟುವುದು ನೋವುಶಾಮಕದಿಂದ ಮರೆಯಾಗುತ್ತದೆ. ಅದಕ್ಕಾಗಿಯೇ ಕೊಳ್ಳುವವನು ತನ್ನದೇ ಪಶುವೈದ್ಯನನ್ನು ಕರೆತಂದು, ಕಾಲನ್ನು ಸ್ವಲ್ಪ ಹೊತ್ತು ಮಡಿಸಿ ಹಿಡಿದು ಒಡನೆಯೇ ಓಡಿಸಿ ನೋಡಿ, ರಕ್ತವನ್ನೂ ಪರೀಕ್ಷೆಗೆ ಕಳುಹಿಸುತ್ತಾನೆ. ಈ ಖರ್ಚಿನಲ್ಲಿ ಜಿಪುಣತನ ಮಾಡಿದವನು ಮುಂದೆ ಹಲವು ಪಟ್ಟು ತೆರುತ್ತಾನೆ.

ಇಷ್ಟಾಗಿಯೂ ಒಳ್ಳೆಯ ಸಾಧು ಕುದುರೆ ಜಾಹೀರಾತಿಗೆ ಬರುವುದೇ ಅಪರೂಪ. ನೆರೆಯ ಮನೆಯ ಮಕ್ಕಳು ಬೆಳೆದು ಕಾಲೇಜಿಗೆ ಹೊರಟಾಗ ಲಾಯದಲ್ಲಿ ಒಂಟಿಯಾಗಿ ಉಳಿಯುವ ಹದಿನೈದು, ಹದಿನಾರರ ಕುದುರೆಯೇ ನಿಜವಾದ ನಿಧಿ. ಅದನ್ನು ಮಾರುವವರ ಎದೆಯಲ್ಲೂ ಅಳುಕುಂಟು. ಅಮೆರಿಕದ ಕೊನೆಯ ಕುದುರೆ ಕಸಾಯಿಖಾನೆಗಳು 2007ರಲ್ಲಿ ಮುಚ್ಚಿದ ಮೇಲೂ, ಹರಾಜಿನಲ್ಲಿ ಅಗ್ಗಕ್ಕೆ ಹೋದ ಮುದಿ ಕುದುರೆಗಳು ಲಾರಿಯೇರಿ ಮೆಕ್ಸಿಕೋ, ಕೆನಡಾಗಳ ಕಸಾಯಿಖಾನೆಗಳಿಗೆ ಹೋದದ್ದನ್ನು ಅವರು ಬಲ್ಲರು. ಆದ್ದರಿಂದ ಇಂಥ ವ್ಯಾಪಾರದಲ್ಲಿ ಪ್ರಶ್ನೆ ಕೇಳುವವರು ಕೊಳ್ಳುವವರಷ್ಟೇ ಅಲ್ಲ. ಹುಲ್ಲುಗಾವಲು ಎಷ್ಟಿದೆ, ಜೊತೆಗೆ ಇನ್ನೊಂದು ಕುದುರೆ ಉಂಟೆ, ಚಳಿಗಾಲದಲ್ಲಿ ದಿನಕ್ಕೆ ಎಂಟು ಹತ್ತು ಕಿಲೋ ಒಣಹುಲ್ಲು ಹಾಕುವ ಶಕ್ತಿಯಿದೆಯೆ ಎಂದು ಮಾರುವವರೂ ಕೇಳುತ್ತಾರೆ. ಮುಂದೆ ಎಂದಾದರೂ ಮಾರುವುದಾದರೆ ಮೊದಲು ತಮಗೇ ತಿಳಿಸಬೇಕೆಂದು ಕರಾರುಪತ್ರದಲ್ಲಿ ಬರೆಯಿಸಿಕೊಂಡ ಮೇಲೆಯೇ ಹಗ್ಗವನ್ನು ಹೊಸ ಕೈಗೆ ಕೊಡುವವರೂ ಇದ್ದಾರೆ.