ಬೆಂಗಳೂರಿನ ಡಬ್ಬಿ ಊಟವೂ ನಮ್ಮ ಹೊಲದ ನವಣೆಯೂ

ಕಳೆದ ಸಂಚಿಕೆಯಲ್ಲಿ ಕಡಲೆಕಾಯಿಯ ಎಲೆಚುಕ್ಕೆ ರೋಗದ ಬಗ್ಗೆ ಬರೆದಿದ್ದೆವು. ಈ ಸಲ ಹೊಲದಿಂದ ಅಡುಗೆಮನೆಗೆ ಬರೋಣ. ವಿಷಯ ಹಲವರಿಗೆ ಹೊಸದು. ತಾಳ್ಮೆಯಿಂದ ಓದಬೇಕೆಂದು ಪ್ರಿಯ ಭಕ್ತಾದಿಗಳಲ್ಲಿ ವಿನಂತಿ.

ಮಡಕಶಿರಾ ಕಡೆಯ ಒಂದು ರೈತ ಕುಟುಂಬ ನಮ್ಮ ಧರ್ಮಕೇಂದ್ರಕ್ಕೆ ಸೇರಿದೆ. ಹೆತ್ತವರನ್ನು ಕೇಳಿಯೇ ಬರೆಯುತ್ತಿದ್ದೇವೆ. ಹೆಸರು ಬೇಡವೆಂದಿದ್ದಾರೆ, ಗೊತ್ತಿರುವವರೂ ಸುಮ್ಮನಿರಬೇಕು. ಅವರ ಕಿರಿಯ ಮಗಳು ಮೂರು ವರ್ಷಗಳಿಂದ ಬೆಳವಣಿಗೆ ಕಾಣದೆ ಸೊರಗಿದ್ದಳು. ಪದೇ ಪದೇ ಭೇದಿ, ಹೊಟ್ಟೆಯುಬ್ಬರ, ಮುಖದಲ್ಲಿ ರಕ್ತವಿಲ್ಲ. ಜಂತುಹುಳುವಿನ ಮಾತ್ರೆ ಕೊಟ್ಟಾಯಿತು, ಕಬ್ಬಿಣದ ಟಾನಿಕ್ ಕುಡಿಸಿದ್ದಾಯಿತು, ದೃಷ್ಟಿ ತೆಗೆಸಿದ್ದೂ ಆಯಿತು. (ಇದನ್ನು ನಮಗೆ ಹೇಳಲು ಹೆದರಿದ್ದರು.) ಕೊನೆಗೆ ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸಿದಾಗ ಸೀಲಿಯಾಕ್ ಕಾಯಿಲೆ ಎಂದು ತಿಳಿಯಿತು.

ಗೋಧಿಯಲ್ಲಿ ಗ್ಲೂಟೆನ್ ಎಂಬ ಅಂಟು ಪದಾರ್ಥವಿದೆ. ಚಪಾತಿ ಹಿಟ್ಟನ್ನು ಎಳೆದರೆ ಹರಿಯದೆ ಬರುವುದು ಇದರಿಂದಲೇ. ಜೋಳದ ಹಿಟ್ಟಿನಲ್ಲಿ ಅದಿಲ್ಲ. ಆದ್ದರಿಂದಲೇ ನಮ್ಮ ತಾಯಂದಿರು ಬಿಸಿನೀರು ಹಾಕಿ ನಾದಿ, ಕೈಯಲ್ಲಿ ತಟ್ಟಿ ರೊಟ್ಟಿ ಮಾಡುತ್ತಾರೆ. ಗೋಧಿ, ಜವೆಗೋಧಿ, ರೈ ಎಂಬ ಧಾನ್ಯಗಳಲ್ಲಿರುವ ಈ ಗ್ಲೂಟೆನ್ ಬಹುಮಂದಿಗೆ ಏನೂ ಕೇಡು ಮಾಡದು. ಆದರೆ ಸೀಲಿಯಾಕ್ ಇರುವವರ ದೇಹ ಅದನ್ನು ಕಂಡೊಡನೆ ತನ್ನ ಸಣ್ಣ ಕರುಳಿನ ಒಳಪದರವನ್ನೇ ಶತ್ರುವೆಂದು ತಿಳಿದು ಕೆಡಿಸುತ್ತದೆ. ಪದರ ಸವೆದ ಮೇಲೆ ಉಂಡ ಅನ್ನದ ಸಾರ ಮೈಗೆ ಹತ್ತುವುದಿಲ್ಲ. ಗ್ಲೂಟೆನ್ ಇರುವುದೆಲ್ಲವನ್ನೂ ಜೀವಮಾನವಿಡೀ ಬಿಡುವುದೇ ಇದಕ್ಕಿರುವ ಚಿಕಿತ್ಸೆ.

ಗೋಧಿಯೇ ಕಾರಣವೆಂದು ಕಂಡುಹಿಡಿದವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಅವರಿಗೆ ಯುದ್ಧಕ್ಕೆ ಮೊದಲೇ ಅನುಮಾನವಿತ್ತು. 1944-45ರ ಚಳಿಗಾಲದಲ್ಲಿ ಅಲ್ಲಿ ಘೋರ ಕ್ಷಾಮ ಬಂದು, ಬ್ರೆಡ್ಡು ಸಿಗದೆ ಜನ ಟ್ಯೂಲಿಪ್ ಹೂವಿನ ಗಡ್ಡೆ ತಿಂದರು. ಊರಿಗೆಲ್ಲ ಹಸಿವು, ಆದರೆ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಮರಳಿ ಬಂದಾಗ ಮತ್ತೆ ಮಲಗಿದರು. 1950ರಲ್ಲಿ ಅವರು ಇದನ್ನು ಪ್ರಬಂಧವಾಗಿ ಪ್ರಕಟಿಸಿದರು. ನಮ್ಮ ದೇಶದಲ್ಲಿ ಈ ಕಾಯಿಲೆ ಗೋಧಿ ಉಣ್ಣುವ ಉತ್ತರದಲ್ಲಿ ಹೆಚ್ಚು, ದಕ್ಷಿಣದಲ್ಲಿ ಬಹಳ ಕಡಿಮೆ. ಕಡಿಮೆಯೆಂದರೆ ಇಲ್ಲವೆಂದಲ್ಲ. ಇಲ್ಲಿನ ವೈದ್ಯರ ಮನಸ್ಸಿಗೂ ಅದು ಬೇಗ ಹೊಳೆಯದಿರಲು ಇದೇ ಕಾರಣವಿರಬಹುದು.

ಇನ್ನು ಡಬ್ಬಿಯ ಕಥೆ. ಹುಡುಗಿಯ ಅಣ್ಣ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ತಂಗಿಯ ಮೇಲೆ ಪ್ರಾಣ. ಗ್ಲೂಟೆನ್ ಇಲ್ಲದ ಊಟ ತಯಾರಿಸಿ ಮನೆಗೇ ಕಳುಹಿಸುವ ಒಂದು ಕಂಪನಿಗೆ ತಿಂಗಳ ಹಣ ಕಟ್ಟಿದ. ದಿನಕ್ಕೊಂದು ಊಟದ ಲೆಕ್ಕ. ವಾರಕ್ಕೊಮ್ಮೆ ಏಳು ಡಬ್ಬಿ ಕೊರಿಯರ್‌ನಲ್ಲಿ ಪೇಟೆಗೆ ಬರುವುದು, ತಂದೆ ಮೋಟಾರ್ ಸೈಕಲ್ಲಿನಲ್ಲಿ ಹೋಗಿ ತರುವುದು. ಡಬ್ಬಿಯ ಮೇಲೆ ‘ಫ್ರಿಡ್ಜಿನಲ್ಲಿಡಿ’ ಎಂದು ಅಚ್ಚಾಗಿತ್ತು. ಅವರ ಮನೆಯಲ್ಲಿ ಫ್ರಿಡ್ಜ್ ಇಲ್ಲ, ಗುರುಮನೆಯಲ್ಲಿದೆ. ಹೀಗೆ ಆ ಊಟ ನಮ್ಮ ಬಳಿಗೆ ಬಂತು. ಸಂಜೆ ಸಂಜೆ ಹುಡುಗಿ ಬಂದು, “ಫಾದರ್, ಇವತ್ತಿನ ಡಬ್ಬಿ” ಎನ್ನುವಳು.

ಅವಳೊಬ್ಬಳೇ ಇದನ್ನು ಉಣ್ಣುವುದೇಕೆಂದು ನಾವೂ ಒಂದು ವಾರದ ಡಬ್ಬಿಗಳನ್ನು ನಮ್ಮ ಹಣದಿಂದ ತರಿಸಿದೆವು. ಅಡುಗೆ ಕೆಟ್ಟದಾಗಿರಲಿಲ್ಲ. ಒಂದರಲ್ಲಿ ನವಣೆಯ ಬಿಸಿಬೇಳೆಬಾತು, ಇನ್ನೊಂದರಲ್ಲಿ ಸಾಮೆ ಅನ್ನ ಮತ್ತು ಸಾರು, ಮತ್ತೊಂದರಲ್ಲಿ ಜೋಳದ ರೊಟ್ಟಿ, ಪಲ್ಯ. ಆದರೆ ರೊಟ್ಟಿ ಚರ್ಮದಂತೆ ಆಗಿತ್ತು. ಜೋಳದ ರೊಟ್ಟಿಯನ್ನು ಮೂರು ದಿನ ತಣ್ಣಗಿಟ್ಟು ಮತ್ತೆ ಬಿಸಿ ಮಾಡಿದರೆ ಏನಾಗುತ್ತದೆಂದು ರಾಯದುರ್ಗದ ಕಡೆಯ ಯಾವ ಹೆಣ್ಣುಮಗಳನ್ನು ಕೇಳಿದರೂ ಹೇಳುತ್ತಾಳೆ. ಒಂದು ಸಲ ಕೊರಿಯರ್ ಎರಡು ದಿನ ತಡವಾಗಿ, ಬಿಸಿಲಿಗೆ ನಾಲ್ಕು ಡಬ್ಬಿ ಹಳಸಿದವು.

ಹುಡುಗಿಯ ಅಜ್ಜಿ ನವಣೆಯ ಡಬ್ಬಿ ತೆರೆದು ನೋಡಿ ಹೇಳಿದ ಮಾತು: “ನಮ್ ಹೊಲ್ದಾಗಿನ್ ನವಣೆ ಬೆಂಗ್ಳೂರಿಗ್ ಹೋಗಿ ಕೋಟ್ ಹಾಕ್ಕಂಡ್ ಬಂದೈತೆ ಸ್ವಾಮೇರೆ!”

ಒಂದು ಡಬ್ಬಿಗೆ 220 ರೂಪಾಯಿ, ತಿಂಗಳಿಗೆ 6,600, ಕೊರಿಯರ್ ಖರ್ಚು ಬೇರೆ. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ರಾಗಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಅಂದರೆ ಒಂದು ಡಬ್ಬಿಯ ಹಣಕ್ಕೆ ನಾಲ್ಕೂವರೆ ಕಿಲೋ ರಾಗಿ ಬರುತ್ತದೆ. ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ, ಬರಗು, ಅಕ್ಕಿ, ಮೆಕ್ಕೆಜೋಳ, ನಮ್ಮ ಎಲ್ಲ ಬೇಳೆಕಾಳು, ಯಾವುದರಲ್ಲೂ ಗ್ಲೂಟೆನ್ ಇಲ್ಲ. ಮಡಕಶಿರಾದ ಕೆಂಪು ನೆಲದ ಮುದ್ದೆ, ರಾಯದುರ್ಗದ ಎರೆ ನೆಲದ ರೊಟ್ಟಿ, ಎರಡೂ ಈ ಹುಡುಗಿಯ ಊಟವೇ. ಹಾಗಾದರೆ ಈ ಡಬ್ಬಿ ಶುದ್ಧ ದಂಡವೆಂದು ನಾವು ಮೊದಲು ತೀರ್ಮಾನಿಸಿದ್ದೆವು. ಒಂದು ಭಾನುವಾರ ಪ್ರವಚನದಲ್ಲಿಯೂ ಹಾಗೆ ಹೇಳಿಬಿಟ್ಟೆವು.

ಅಲ್ಲಿ ನಾವು ತಪ್ಪಿದೆವು. ಮನೆಯವರು ನಮ್ಮ ಮಾತು ಕೇಳಿ ಡಬ್ಬಿ ನಿಲ್ಲಿಸಿ, ಮನೆಯ ಮುದ್ದೆ ಉಣಿಸತೊಡಗಿದರು. ಒಂದು ತಿಂಗಳೊಳಗೆ ಮತ್ತೆ ಭೇದಿ ಶುರುವಾಯಿತು. ರಾಗಿಯೇ ಆಗುತ್ತಿಲ್ಲವೆಂದು ತಾಯಿ ಅತ್ತರು. ಗುರುಮನೆಯ ಪಕ್ಕದ ಕಾನ್ವೆಂಟಿನ ನರ್ಸ್ ಸಿಸ್ಟರ್ ಆ ಮನೆಯಲ್ಲಿ ಒಂದು ದಿನ ಪೂರ್ತಿ ಕುಳಿತು ನೋಡಿದರು. ರಾಗಿಯದೇನೂ ದೋಷವಿರಲಿಲ್ಲ. ರಾಗಿ ಬೀಸಿಸಿದ ಗಿರಣಿಯಲ್ಲಿ ಅದಕ್ಕೆ ಮುಂಚೆ ಯಾರದೋ ಗೋಧಿ ಬೀಸಿತ್ತು. ಕಲ್ಲಿನ ನಡುವೆ, ಹಿಟ್ಟು ಬೀಳುವ ಬಟ್ಟೆಯ ಚೀಲದಲ್ಲಿ ಉಳಿದ ಗೋಧಿಹಿಟ್ಟು ನಮ್ಮ ರಾಗಿಗೆ ಬೆರೆಯುತ್ತಿತ್ತು. ಸಾರಿನ ಒಗ್ಗರಣೆಗೆ ಹಾಕುವ ಇಂಗಿನ ಡಬ್ಬಿಯ ಸಣ್ಣ ಅಕ್ಷರ ಓದಿದರೆ, ಅದರಲ್ಲಿ ಗೋಧಿಹಿಟ್ಟು! ಅಂಗಡಿಯ ಕೂಟಿಂಗಿನಲ್ಲಿ ಇದು ಸಾಮಾನ್ಯ. ಅಣ್ಣತಮ್ಮಂದಿರಿಗೆ ಚಪಾತಿ ಬೇಯಿಸಿದ ಹೆಂಚಿನ ಮೇಲೆಯೇ ಇವಳ ದೋಸೆ. ಹಾಲಿಗೆ ಹಾಕುತ್ತಿದ್ದ ಮಾಲ್ಟ್ ಪುಡಿಯನ್ನು ರಾಗಿ ಮಾಲ್ಟ್ ಎಂದೇ ತಿಳಿದಿದ್ದರು, ಅದರಲ್ಲಿದ್ದುದು ಜವೆಗೋಧಿಯ ಮಾಲ್ಟ್. ರವೆ ಗೋಧಿಯದೆಂಬುದು ಎಷ್ಟೋ ಮನೆಗಳಲ್ಲಿ ಗೊತ್ತೇ ಇಲ್ಲ. ಇಡ್ಲಿ ರವೆ ಅಕ್ಕಿಯದು, ಉಪ್ಪಿಟ್ಟಿನ ರವೆಯೂ ಶ್ಯಾವಿಗೆಯೂ ಗೋಧಿಯವು.

ಆ ಡಬ್ಬಿಯವರು 220 ರೂಪಾಯಿಗೆ ಮಾರುತ್ತಿದ್ದುದು ನವಣೆಯನ್ನಲ್ಲ ಎಂದು ನಮಗೆ ಆಗ ಅರ್ಥವಾಯಿತು. ಗೋಧಿ ಒಳಗೇ ಬಾರದ ಅಡುಗೆಮನೆ, ಬೇರೆ ಗಿರಣಿ, ಬೇರೆ ಸೌಟು, ಪರೀಕ್ಷೆ ಮಾಡಿಸಿದ ಹಿಟ್ಟು, ಇವನ್ನು ಮಾರುತ್ತಿದ್ದರು. ಆಹಾರ ಪೊಟ್ಟಣದ ಮೇಲೆ ‘ಗ್ಲೂಟೆನ್ ಮುಕ್ತ’ ಎಂದು ಅಚ್ಚು ಹಾಕಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಿ ಗ್ಲೂಟೆನ್ ಇರಕೂಡದೆಂದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮವಿದೆ. ಕಣ್ಣಿಗೂ ನಾಲಿಗೆಗೂ ಸಿಗದ ಅಳತೆ ಅದು. ಧಾನ್ಯ ನಮ್ಮಲ್ಲಿತ್ತು, ಎಚ್ಚರ ಇರಲಿಲ್ಲ.

ಎಚ್ಚರವನ್ನು ಕೊಳ್ಳಲೇಬೇಕೆಂದಿಲ್ಲ. ಅಜ್ಜಿ ಅಟ್ಟದಿಂದ ಬೀಸುವ ಕಲ್ಲನ್ನು ಇಳಿಸಿ ತೊಳೆಸಿದರು. ಅದರಲ್ಲಿ ರಾಗಿ ಬಿಟ್ಟರೆ ಬೇರೇನೂ ಬೀಸುವಂತಿಲ್ಲ. ಹೊಲದ ರಾಗಿ, ನವಣೆಯನ್ನು ಹಸನು ಮಾಡಿ ಹೊಸ ಚೀಲದಲ್ಲಿಟ್ಟರು. ನಮ್ಮಲ್ಲಿ ಗೋಧಿ ಬೆಳೆಯುವವರು ಅಪರೂಪವಾದ್ದರಿಂದ ಕಣದಲ್ಲಿ ಬೆರಕೆಯ ಭಯ ಕಡಿಮೆ. ಅಂಗಡಿಯಲ್ಲಿ ಒಂದೇ ಮೊರ, ಒಂದೇ ತಕ್ಕಡಿಯಲ್ಲಿ ತೂಗಿದ್ದರೆ ಭಯವಿದೆ. ಹುಡುಗಿಗೆ ಬೇರೆ ಹೆಂಚು, ಬೇರೆ ಸೌಟು, ಬೇರೆ ಉಪ್ಪಿನಕಾಯಿ ಜಾಡಿ. ಇಂಗು ಬಿಟ್ಟು ಬೆಳ್ಳುಳ್ಳಿ. ಪೇಟೆಗೆ ಹೋದಾಗ ಅವಳಿಗೆ ಇಷ್ಟವಾದ ಮಂಡಕ್ಕಿ ಒಗ್ಗರಣೆ ತಿನ್ನಬಹುದೇ ಎಂದು ಕೇಳಿದಳು. ಮಂಡಕ್ಕಿ ಅಕ್ಕಿಯದು, ತೊಂದರೆಯಿಲ್ಲ. ಜೊತೆಗಿನ ಮೆಣಸಿನಕಾಯಿ ಬಜ್ಜಿ ಕಡಲೆಹಿಟ್ಟಿನದಾದರೂ ಪೂರಿ ಕರಿದ ಎಣ್ಣೆಯಲ್ಲೇ ಬೆಂದಿರುತ್ತದೆ. ಒಗ್ಗರಣೆ ಮನೆಯಲ್ಲೇ ಮಾಡಿಕೊಡುತ್ತೇನೆಂದು ತಾಯಿ ಹೇಳಿದ್ದಾರೆ.

ನಾಲ್ಕು ತಿಂಗಳಾಯಿತು, ಹುಡುಗಿಯ ತೂಕ ಏರುತ್ತಿದೆ. ಡಬ್ಬಿಯನ್ನು ಪೂರ್ತಿ ಬಿಟ್ಟಿಲ್ಲ. ಪ್ರಯಾಣ, ಮದುವೆ ಮನೆ, ಆಸ್ಪತ್ರೆಯ ದಿನಗಳಿಗೆಂದು ಫ್ರಿಡ್ಜ್ ಬೇಡದ ಕೆಲವು ಪೊಟ್ಟಣ ತರಿಸಿಡುತ್ತಾರೆ. ನಗರದಲ್ಲಿ ಹಾಸ್ಟೆಲ್ಲಿನಲ್ಲಿರುವ, ಒಲೆಯಿಲ್ಲದ ರೋಗಿಗಳಿಗೆ ಅಂಥ ಊಟ ನಿಜವಾದ ಉಪಕಾರ. ಅದನ್ನು ಪೀಠದಿಂದ ಹಳಿದದ್ದಕ್ಕೆ ನಮಗೆ ಬೇಸರವಿದೆ.

ಇದನ್ನೆಲ್ಲ ಕೇಳಿದ ನಮ್ಮ ಯುವಜನ ಸಂಘದವರಿಗೆ ಒಂದು ಹುಮ್ಮಸ್ಸು ಬಂದಿದೆ. 1983ರಲ್ಲಿ ಎರಡು ರೂಪಾಯಿ ಅಕ್ಕಿ ಬಂದ ಮೇಲೆ ಮುದ್ದೆಯನ್ನು ಕೀಳಾಗಿ ಕಂಡ ನಮ್ಮ ಜನ, 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಅದರ ಬೆಲೆ ತಿಳಿಯುತ್ತಿದ್ದಾರೆ, ಸಂತೋಷ. ಮಹಿಳಾ ಸಂಘದಿಂದ ರಾಗಿಹಿಟ್ಟು, ನವಣೆ ಅಕ್ಕಿಯನ್ನು ‘ಗ್ಲೂಟೆನ್ ಮುಕ್ತ’ ಎಂದು ಚೀಟಿ ಅಂಟಿಸಿ ಬೆಂಗಳೂರಿಗೆ ಕಳುಹಿಸೋಣ ಎನ್ನುತ್ತಾರೆ. ನಾವು ಒಪ್ಪಿಲ್ಲ. ನವಣೆಯನ್ನು ನವಣೆಯೆಂದು ಮಾರಿರಿ, ಒಳ್ಳೆಯ ಬೆಲೆಗೇ ಮಾರಿರಿ. ಊರ ಗಿರಣಿಯಲ್ಲಿ ಬೀಸಿ, ಪರೀಕ್ಷೆಯಿಲ್ಲದೆ ಆ ಚೀಟಿ ಅಂಟಿಸಿದರೆ ಎಲ್ಲೋ ಒಂದು ಮಗು ನಂಬಿ ತಿಂದು ಮಲಗುತ್ತದೆ. ಬೇರೆ ಗಿರಣಿ, ಪ್ರತಿ ಸಲ ಪರೀಕ್ಷೆಯ ಖರ್ಚು, ಇವಕ್ಕೆ ಲೆಕ್ಕ ಹಾಕಿಕೊಂಡು ಬಂದರೆ ಮೊದಲು ಹಣ ಹಾಕುವವರು ನಾವೇ.

ಇನ್ನೊಂದು ಮಾತು ಹೇಳಲೇಬೇಕು. ಈ ಅಂಕಣ ಓದಿ ಹೊಟ್ಟೆನೋವಿನವರೆಲ್ಲ ನಾಳೆಯಿಂದ ಚಪಾತಿ ಬಿಡಬೇಡಿ. ಮೊದಲು ಒಂದು ರಕ್ತಪರೀಕ್ಷೆ, ಬೇಕಾದರೆ ಎಂಡೋಸ್ಕೋಪಿಯಲ್ಲಿ ಕರುಳಿನ ಚೂರು ತೆಗೆದು ಪರೀಕ್ಷೆ. ಗೋಧಿ ತಿನ್ನುತ್ತಿರುವಾಗಲೇ ಇವನ್ನು ಮಾಡಿಸಬೇಕು. ಮುಂಚೆಯೇ ಬಿಟ್ಟರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು.

ಈಗ ನಮಗೆ ಎಲ್ಲಕ್ಕಿಂತ ಕಷ್ಟವಾದ ವಿಷಯ. ಹುಡುಗಿ ಈ ವರ್ಷ ಪ್ರಥಮ ಪರಮಪ್ರಸಾದ ಸ್ವೀಕರಿಸಬೇಕಿತ್ತು. ಬಲಿಪೂಜೆಯ ರೊಟ್ಟಿ ಗೋಧಿಯದು. “ಒಂದು ಚೂರಿನಿಂದ ಏನಾಗುತ್ತದಮ್ಮ” ಎಂದು ನಾವೇ ಹೇಳಿದ್ದೆವು. ಮೂವತ್ತು ವರ್ಷ ಪೀಠದ ಮುಂದೆ ನಿಂತವರ ಬಾಯಿಂದ ಬಂದ ಮಾತನ್ನು ತಾಯಿ ಮರುಮಾತಿಲ್ಲದೆ ನಂಬುತ್ತಿದ್ದರು. ತಡೆದವರು ಸಿಸ್ಟರ್. ಲಕ್ಷಣ ಕಾಣದಿದ್ದರೂ ಚೂರು ಚೂರೇ ಕರುಳನ್ನು ಕೆಡಿಸಬಲ್ಲದೆಂದು ಅವರು ತಿಳಿಹೇಳಿದರು. ಉಪದೇಶಿಗಳು, “ರಾಗಿಯಲ್ಲೇ ಅಪ್ಪ ಮಾಡಿದರಾಗದೇ?” ಎಂದು ಕೇಳಿದರು. ಆಗದು. ಧರ್ಮಸಭೆಯ ಕಾನೂನಿನ 924ನೇ ವಿಧಿಯಂತೆ ಅದು ಗೋಧಿಯದೇ ಆಗಿರಬೇಕು. ಗ್ಲೂಟೆನ್ ಪೂರ್ತಿ ತೆಗೆದ ರೊಟ್ಟಿ ಸಲ್ಲದು, ಅತ್ಯಲ್ಪ ಉಳಿದಿರುವುದು ಸಲ್ಲುತ್ತದೆ ಎಂದು 2003ರ ಜುಲೈ 24ರಂದು, ಆಗ ಕಾರ್ಡಿನಲ್ ಆಗಿದ್ದ ಜೋಸೆಫ್ ರಾಟ್ಜಿಂಗರ್ ಅವರ ಸಹಿಯ ಪತ್ರ ತಿಳಿಸಿತು. 2017ರಲ್ಲಿ ರೋಮಿನಿಂದ ಬಂದ ಇನ್ನೊಂದು ಪತ್ರವೂ ಅದನ್ನೇ ಹೇಳಿತು. ಅಮೆರಿಕದ ಮಿಸೌರಿಯಲ್ಲಿ ಬೆನೆಡಿಕ್ಟೈನ್ ಸಿಸ್ಟರ್‌ಗಳು ಅಂಥ ಗೋಧಿ ರೊಟ್ಟಿಯನ್ನು ತಯಾರಿಸುತ್ತಾರೆ. (ಯೊವಾನ್ನರ ಶುಭಸಂದೇಶದಲ್ಲಿ ಹುಡುಗನ ಬಳಿಯಿದ್ದ ಐದು ರೊಟ್ಟಿಗಳು ಜವೆಗೋಧಿಯವು. ಆ ಐದು ಸಾವಿರ ಜನರಲ್ಲಿ ಇಂಥ ಮಗುವೊಂದು ಇತ್ತೋ ಏನೋ ಎಂದು ಈಚೆಗೆ ಆ ಭಾಗ ಓದುವಾಗಲೆಲ್ಲ ನಮಗೆ ಅನ್ನಿಸುತ್ತದೆ.)

ಅದನ್ನೂ ತಾಳದವರಿಗೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರವೇ ಪರಮಪ್ರಸಾದ ಕೊಡಬಹುದು, ಅದರಲ್ಲಿ ಪ್ರಭು ಪೂರ್ಣವಾಗಿಯೇ ಇದ್ದಾರೆ. ಧರ್ಮಾಧ್ಯಕ್ಷರಿಗೆ ಬರೆದು ಅನುಮತಿ ಪಡೆದೆವು. ಅವಳಿಗೆಂದು ಒಂದು ಚಿಕ್ಕ ಪಾನಪಾತ್ರೆ ಬೇರೆ ಇಟ್ಟಿದ್ದೇವೆ. ನಮ್ಮ ದೊಡ್ಡ ಪಾತ್ರೆಗೆ ರೊಟ್ಟಿಯ ಚೂರನ್ನು ಹಾಕುವ ವಿಧಿಯಿದೆಯಲ್ಲ, ಆದ್ದರಿಂದ ಅದರಿಂದ ಅವಳಿಗೆ ಕೊಡುವಂತಿಲ್ಲ. ಅವಳ ಪಾತ್ರೆಯನ್ನು ಒರೆಸುವ ಬಟ್ಟೆಯೂ ಬೇರೆ. ಸಾಲಿನಲ್ಲಿ ಅವಳೇ ಮೊದಲು ಬರುತ್ತಾಳೆ. ಯಾಕೆ ಅವಳಿಗೆ ಮಾತ್ರ ಹಾಗೆ ಎಂದು ಕೆಲವರು ಗುಸುಗುಸು ಮಾಡಿದ್ದು ನಮ್ಮ ಕಿವಿಗೂ ಬಿದ್ದಿದೆ. ಕಾರಣ ಇದೇ.

ಬರುವ ಧರ್ಮಕೇಂದ್ರದ ಹಬ್ಬದ ಊಟದಲ್ಲಿ ಬಾವಿಯ ಕಡೆ ಒಂದು ಸಣ್ಣ ಒಲೆ ಬೇರೆ ಹೂಡಲಾಗುವುದು. ಮುದ್ದೆ, ಅವರೆಕಾಳಿನ ಸಾರು, ನವಣೆ ಪಾಯಸ. ಮನೆಯಲ್ಲಿ ಇಂಥ ಕಾಯಿಲೆಯವರಿದ್ದರೆ ಎಷ್ಟು ಎಲೆ ಬೇಕೆಂದು ಮುಂಚೆಯೇ ಸಿಸ್ಟರ್‌ಗೆ ತಿಳಿಸಿರಿ. ಒಲೆಯ ಉಸ್ತುವಾರಿಯನ್ನು ಅಜ್ಜಿ ವಹಿಸಿಕೊಂಡಿದ್ದಾರೆ. ಅಲ್ಲಿನ ಸೌಟನ್ನು ಯಾರೂ ಮುಟ್ಟಕೂಡದು, ಫಾದರೂ ಮುಟ್ಟಕೂಡದು ಎಂದು ಅವರ ಕಟ್ಟಪ್ಪಣೆ.