ಡೇಟಾಶೀಟ್‌ಗೆ ನಮ್ಮೂರ ನೀರು ಗೊತ್ತಿಲ್ಲ

ಮಟೀರಿಯಲ್ ಸೆಲೆಕ್ಷನ್ ಅಂದ್ರೆ ನಾವೆಲ್ಲ ಮಾಡೋದು ಬಹುತೇಕ ಒಂದೇ ಕೆಲಸ. ಡೇಟಾಶೀಟ್ ತೆಗೆಯೋದು, ಟೆನ್ಸೈಲ್ ಸ್ಟ್ರೆಂತ್ ಕಾಲಂ ನೋಡೋದು, ದೊಡ್ಡ ನಂಬರಿಗೆ ಟಿಕ್ ಹಾಕೋದು. ರಿಪೋರ್ಟಿಗೆ ಅಷ್ಟು ಸಾಕು. ಆದರೆ ಮನೆ ಮುಂದಿನ ನೀರಿನ ಮೀಟರಿಗೆ ಸಾಲೋದಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಇಂಜಿನಿಯರಿಂಗ್ ಓದೋ ನಮಗೆ ಇದು ಬೇರೆಯವರಿಗಿಂತ ಮೊದಲು ಗೊತ್ತಾಗಬೇಕಿತ್ತು ಅನ್ನೋದು ನಮ್ಮ ಅಭಿಪ್ರಾಯ.

ಯಾಕಂದ್ರೆ ಅವಳಿ ನಗರದಲ್ಲಿ ಎರಡು ಥರದ ನೀರಿದೆ. ವಿಶ್ವ ಬ್ಯಾಂಕ್ ನೆರವಿನ ಯೋಜನೆಯಲ್ಲಿ ಬೆಳಗಾವಿ, ಕಲಬುರಗಿಯ ಜೊತೆ ಇಲ್ಲಿನ ಆಯ್ದ ವಾರ್ಡುಗಳಿಗೆ 2008ರಲ್ಲಿ 24×7 ನೀರು ಬಂತು, ಮೀಟರೂ ಬಂತು. ಉಳಿದ ಕಡೆ ಮಲಪ್ರಭೆಯ ನೀರಿಗಾಗಿ ದಿನ ಎಣಿಸೋದು ವರ್ಷಗಟ್ಟಲೆ ರೂಢಿಯಾಯ್ತು. ಮೊದಲನೇ ಥರದ ಮೀಟರ್ ಸದಾ ನೀರಲ್ಲೇ ಇರುತ್ತೆ. ಎರಡನೇದು ದಿನಗಟ್ಟಲೆ ಒಣಗುತ್ತೆ, ಆಮೇಲೆ ಒಮ್ಮೆಲೆ ನೆನೆಯುತ್ತೆ. ನೀರು ಬಿಟ್ಟಾಗ ಮೊದಲು ಪೈಪಿನೊಳಗಿನ ಗಾಳಿ ನುಗ್ಗಿ ಬರುತ್ತೆ, ಒಳಗಿನ ಇಂಪೆಲ್ಲರ್ ಗರಗರ ತಿರುಗುತ್ತೆ. 'ಗಾಳಿಗೂ ಬಿಲ್ ಹಾಕ್ತಾರ್ರೀ' ಅನ್ನೋ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಈಗ ಪ್ಲಾಸ್ಟಿಕ್ಕಿಗೆ ಬರೋಣ. ನೈಲಾನ್ 66 ಗಟ್ಟಿ, ಸವೆತ ತಡೆಯುತ್ತೆ, ಪೇಟೆಯಲ್ಲಿ ಸುಲಭವಾಗಿ ಸಿಗುತ್ತೆ. ಆದರೆ ಅದು ನೀರು ಕುಡಿಯುತ್ತೆ, ಪೂರ್ತಿ ನೆಂದರೆ ತೂಕದ ಸುಮಾರು 8% ವರೆಗೆ. ಉದ್ದದಲ್ಲಿ ಬರೀ 2% ಹಿಗ್ಗಿದರೂ 40 ಮಿ.ಮೀ. ಇಂಪೆಲ್ಲರ್ 0.8 ಮಿ.ಮೀ. ಬೆಳೀತು ಅಂತಾಯ್ತು. ಮೈಕ್ರೋಮೀಟರ್ ಹಿಡಿದು ಟಾಲರೆನ್ಸ್ ಹಾಕಿದ ಡ್ರಾಯಿಂಗಿಗೆ ಆಮೇಲೆ ಏನು ಅರ್ಥ? ಒಣಗಿದಾಗ ಮತ್ತೆ ಕುಗ್ಗುತ್ತೆ, ಅಂದರೆ ಸರದಿ ನೀರಿನ ಮನೆಯಲ್ಲಿ ಅಳತೆ ಒಂದೇ ಕಡೆ ನಿಲ್ಲೋದೇ ಇಲ್ಲ.

ಅಸಿಟಾಲ್, ಅಂದರೆ ಪಿಒಎಂ, ಇದಕ್ಕೆ ಸುಲಭ ಉತ್ತರ ಅನ್ನಿಸುತ್ತೆ. ನೀರು ಹೀರೋದು ಪೂರ್ತಿ ನೆಂದಾಗಲೂ 1% ಆಸುಪಾಸು, ಘರ್ಷಣೆ ಕಡಿಮೆ, ಗೇರಿಗೆ ಹೇಳಿ ಮಾಡಿಸಿದ್ದು. ಅದಕ್ಕೆ ಆಗದೇ ಇರೋದು ಕ್ಲೋರಿನ್. ಅಮೆರಿಕದಲ್ಲಿ ಪಾಲಿಬ್ಯುಟಿಲಿನ್ ಪೈಪು, ಅಸಿಟಾಲ್ ಫಿಟಿಂಗ್ ಹಾಕಿದ ಮನೆಗಳಲ್ಲಿ ಕ್ಲೋರಿನ್ ನೀರಿಗೆ ವರ್ಷಗಳ ಮೇಲೆ ಬಿರುಕು ಬಿಟ್ಟು ಸೋರಿ, 1995ರಲ್ಲಿ ಕಂಪನಿಗಳು ಸುಮಾರು 95 ಕೋಟಿ ಡಾಲರಿನ ಒಪ್ಪಂದಕ್ಕೆ ಬಂದವು. ನಮ್ಮ ಐಎಸ್ 10500 ನೀರಲ್ಲಿ ಕನಿಷ್ಠ 0.2 ಮಿ.ಗ್ರಾಂ/ಲೀಟರ್ ಕ್ಲೋರಿನ್ ಉಳಿದಿರಬೇಕು ಅನ್ನುತ್ತೆ. ಅದು ಆರೋಗ್ಯಕ್ಕೆ ಬೇಕೇ ಬೇಕು, ಹಾಗಾಗಿ ಪ್ಲಾಸ್ಟಿಕ್ಕೇ ಅದಕ್ಕೆ ಹೊಂದಿಕೊಳ್ಳಬೇಕು.

ಹಾಗಾದ್ರೆ ಯಾವುದು? ಒಂದೇ ಹೆಸರು ಹೇಳೋಕಾಗಲ್ಲ, ಭಾಗ ನೋಡಿ ಹೇಳಬೇಕು. ಡ್ರೈ ಡಯಲ್ ಮೀಟರಿನಲ್ಲಿ ಗೇರುಗಳು ಸೀಲ್ ಮಾಡಿದ ಒಣ ಕೋಣೆಯಲ್ಲಿರುತ್ತವೆ, ತಿರುಗೋದು ಅಯಸ್ಕಾಂತದ ಮೂಲಕ ದಾಟಿ ಬರುತ್ತೆ. ಅಲ್ಲಿ ಅಸಿಟಾಲ್ ಇರಲಿ. ನೀರಲ್ಲಿ ಮುಳುಗೋ ಇಂಪೆಲ್ಲರಿಗೆ ಪಿಪಿಒ-ಪಾಲಿಸ್ಟೈರಿನ್ ಮಿಶ್ರಣ, ಅಂದರೆ ನೋರಿಲ್ ಥರದ್ದು, ಒಳ್ಳೇದು. ನೀರು ಹೀರೋದು ತೀರಾ ಕಡಿಮೆ. ಇನ್ನೊಂದು ಗುಣವನ್ನ ನಾವು ಡೇಟಾಶೀಟ್‌ನಲ್ಲಿ ನೋಡೋದೇ ಇಲ್ಲ, ಅದು ಸಾಂದ್ರತೆ. ನೋರಿಲ್ ಸುಮಾರು 1.06, ಅಸಿಟಾಲ್ 1.41. ನೀರಿನಷ್ಟೇ ತೂಕದ ಇಂಪೆಲ್ಲರ್ ನೀರಲ್ಲಿ ಹೆಚ್ಚುಕಡಿಮೆ ತೇಲಿದಂಗಿರುತ್ತೆ. ಪಿವಟ್ ಮೇಲೆ ಭಾರ ಬೀಳೋದಿಲ್ಲ, ಸಣ್ಣ ಹರಿವಿಗೂ ತಿರುಗೋಕೆ ಶುರುವಾಗುತ್ತೆ.

ಸಣ್ಣ ಹರಿವೇ ಇಲ್ಲಿ ದೊಡ್ಡ ವಿಷಯ. 15 ಮಿ.ಮೀ. ಬಿ ವರ್ಗದ ಮೀಟರಿಗೆ ಕನಿಷ್ಠ ಹರಿವು ಗಂಟೆಗೆ 30 ಲೀಟರ್. ಅದಕ್ಕಿಂತ ಕಡಿಮೆ ಹರಿದರೆ ಮೀಟರ್ ಸರಿಯಾಗಿ ಎಣಿಸಬೇಕು ಅನ್ನೋ ಕಟ್ಟಳೆ ಇಲ್ಲ. ಸೋರೋ ನಲ್ಲಿ, ಮೇಲಿನ ಟ್ಯಾಂಕಿನ ಫ್ಲೋಟ್ ವಾಲ್ವ್ ಮುಚ್ಚಿಕೊಳ್ಳೋ ಹೊತ್ತಿನ ಸಣ್ಣ ಧಾರೆ ಎಲ್ಲ ಅದರೊಳಗೇ ಬರೋದು. ಗಂಟೆಗೆ 30 ಲೀಟರ್ ಅಂದರೆ ದಿನಕ್ಕೆ 720. ಒಂದು ಕಡೆ ಪಾಲಿಕೆಗೆ ಲೆಕ್ಕಕ್ಕೆ ಸಿಗದ ನೀರು, ಇನ್ನೊಂದು ಕಡೆ ಗಾಳಿಗೂ ಬಿಲ್ ಕಟ್ಟೋ ಮನೆ. ಜನ ಮೀಟರನ್ನ ನಂಬೋದು ಬಿಟ್ಟರೆ ಯೋಜನೆ ಎಷ್ಟು ಕೋಟಿಯದ್ದಾದರೂ ಜಗಳ ತಪ್ಪಲ್ಲ.

ಅಲ್ಟ್ರಾಸೋನಿಕ್ ಮೀಟರ್ ಬಂದ ಮೇಲೆ ತಿರುಗೋ ಭಾಗವೇ ಇಲ್ವಲ್ಲ ಅಂತ ನೀವು ಕೇಳಬಹುದು. ನಿಜ, ಆದರೆ ಅದರಲ್ಲೂ ನೀರು ಹರಿಯೋ ಕೊಳವೆ ಪ್ಲಾಸ್ಟಿಕ್ಕಿನದಾಗಿದ್ದರೆ, ಅದು ಹಿಗ್ಗಿದರೆ ಅಡ್ಡಕೊಯ್ತ ಬದಲಾಗುತ್ತೆ, ಲೆಕ್ಕವೂ ಬದಲಾಗುತ್ತೆ. ನೋರಿಲ್ಲಿಗೂ ದೋಷ ಇದೆ. ಎಣ್ಣೆ, ಸಾಲ್ವೆಂಟ್ ತಾಗಿದರೆ ಬಿರುಕು ಬಿಡಬಹುದು, ಸವೆತದಲ್ಲಿ ಅಸಿಟಾಲಿಗೆ ಸಮ ಅಲ್ಲ, ಹಾಗಾಗಿ ಪಿವಟ್ಟಿಗೆ ಉಕ್ಕು ಅಥವಾ ಸಫೈರ್ ಬೇಕು. ಗಾಳಿ ಎಣಿಸೋದನ್ನ ಯಾವ ಪ್ಲಾಸ್ಟಿಕ್ಕೂ ತಡೆಯೋದಿಲ್ಲ, ಅದಕ್ಕೆ ಏರ್ ವಾಲ್ವ್, ನಿರಂತರ ನೀರು ಬೇಕು.

ನಮ್ಮ ಕೈಲಿ ಆಗೋದು ಒಂದಿದೆ. ನೈಲಾನ್, ಅಸಿಟಾಲ್, ನೋರಿಲ್ ಮೂರರದ್ದೂ ಮೋಲ್ಡ್ ಮಾಡಿದ ತುಣುಕು ತನ್ನಿ. ಒಂದು ಗುಂಪು ಸದಾ ನಲ್ಲಿ ನೀರಲ್ಲಿ, ಒಂದು ಗುಂಪು ಒಂದು ದಿನ ನೀರು ಆರು ದಿನ ಒಣ, ಇನ್ನೊಂದು ಹೆಚ್ಚು ಕ್ಲೋರಿನ್ ಬೆರೆಸಿದ ನೀರಲ್ಲಿ. ವಾರಕ್ಕೊಮ್ಮೆ ತೂಕ, ಅಳತೆ ಬರೆದಿಡಿ. ಬೇಕಾಗಿದ್ದು ತಕ್ಕಡಿ, ಮೈಕ್ರೋಮೀಟರ್, ಎರಡು ಸೆಮಿಸ್ಟರ್ ತಾಳ್ಮೆ. ಕ್ಲೋರಿನ್ ಕೆಡಿಸೋದು ನಿಧಾನ, ಹಾಗಾಗಿ ಆ ಗುಂಪನ್ನ ಮುಂದಿನ ಬ್ಯಾಚಿನವರಿಗೆ ಒಪ್ಪಿಸಿ ಹೋಗಿ. ಬೇರೆ ದೇಶದ ಲ್ಯಾಬಿನಲ್ಲಿ 23 ಡಿಗ್ರಿಯಲ್ಲಿ ತೆಗೆದ ನಂಬರ್ ಪಕ್ಕದಲ್ಲಿ ನಮ್ಮ ನಲ್ಲಿಯ ನಂಬರೂ ಇದ್ದರೆ, ಆಗ ಅದನ್ನ ಸೆಲೆಕ್ಷನ್ ಅನ್ನಬಹುದು.